ಮಸಿಗಲ್ಲು ಕೋಟೆಯ ಒಲೆ

"ಕೋಟೆ ನೋಡಿ, ಬುರುಜು ಹತ್ತಿ, ಬೇಕಾದ್ರೆ ಬಾವಿಗೂ ಬಗ್ಗಿ ನೋಡಿ. ಆ ಮನೆ ಒಲೆ ಮಾತ್ರ ಹಚ್ಬ್ಯಾಡಿ ತಾಯಿ," ಎಂದಳು ಹಾಲಮ್ಮ.

ದಡದ ಸೋಗೆ ಗುಡಿಸಲಿನ ಮುಂದೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ ಮುದುಕಿ ತಲೆ ಎತ್ತದೆಯೇ ಈ ಮಾತು ಹೇಳಿದ್ದಳು. ನಾಲ್ಕು ವರ್ಷದ ಮಗಳನ್ನು ಸೊಂಟದ ಮೇಲಿಟ್ಟುಕೊಂಡು ದೋಣಿಗೆ ಕಾಯುತ್ತಿದ್ದ ಜಲಜಾಕ್ಷಿಗೆ ನಗು ಬಂತು.

"ಹಚ್ಚಿದ್ರೆ ಏನಾಗುತ್ತಜ್ಜಿ?"

"ಒಂಟಿ ಹೆಂಗ್ಸು ಹಚ್ಚಿದ್ರೆ ಆ ಒಲೆ ಅವಳನ್ನ ಬಿಡಾದಿಲ್ಲ."

"ಅದೇನು ಹೊಸದು! ಮದುವೆಯಾದಾಗಿಂದ ನಮ್ಮನೆ ಒಲೆಯೂ ನನ್ನನ್ನ ಬಿಟ್ಟಿಲ್ಲ."

ದೋಣಿಯ ಜಟ್ಟಪ್ಪ ಕಿಸಕ್ಕನೆ ನಕ್ಕ. ಹಾಲಮ್ಮ ನಗಲಿಲ್ಲ.

"ಆಮೇಲೆ ನಾನು ಒಂಟಿಯಲ್ಲವಲ್ಲ ಅಜ್ಜಿ. ಮಗಳಿದಾಳೆ ಜೊತೆಗೆ."

"ಕೂಸು ಐತೆ ಅಂತ್ಲೇ ಹೇಳಿದ್ದು," ಎಂದು ಮುದುಕಿ ಎಲೆ ಮಡಿಸಿ ಬಾಯಿಗಿಟ್ಟುಕೊಂಡಳು.

ಶರಾವತಿಗೆ ಅಣೆಕಟ್ಟು ಕಟ್ಟಿ ನೀರು ನಿಲ್ಲಿಸಿದ ವರ್ಷ ಅದು. ಗದ್ದೆ, ಗುಡಿ, ಗಾಡಿದಾರಿ ಎಲ್ಲವೂ ನೀರಿನಡಿ ಸೇರಿ, ಗುಡ್ಡಗಳ ನೆತ್ತಿಗಳಷ್ಟೇ ಮೇಲೆ ಉಳಿದಿದ್ದವು. ಜಲಜಾಕ್ಷಿಯ ಗಂಡ ಶಂಕರನಾರಾಯಣನಿಗೆ ಅಣೆಕಟ್ಟಿನ ಆಫೀಸಿನಲ್ಲಿ ಕೆಲಸ. ಶನಿವಾರ ಸಾಗರದ ಬಾಡಿಗೆ ಮನೆಗೆ ಬರುತ್ತಿದ್ದ; ಎಷ್ಟೋ ಶನಿವಾರ ಬರುತ್ತಿರಲಿಲ್ಲ. ಮೈಸೂರಿನಿಂದ ಬಂದ ಅವಳಿಗೆ ಊರಲ್ಲಿ ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಮಧ್ಯಾಹ್ನ ಪಾತ್ರೆ ತೊಳೆದು ಬೋರಲು ಹಾಕಿದ ಮೇಲೆ ಮನೆಯಲ್ಲಿ ಮಗಳು ಲಚ್ಚುವಿನ ಉಸಿರಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ಅವಳ ತಂದೆಯ ಕೋಣೆಯಲ್ಲಿ ಒಂದು ಹಳೇ ಕ್ಯಾಲೆಂಡರು ತೂಗುತ್ತಿತ್ತು. ಇಟಲಿ ದೇಶದ ಯಾವುದೋ ನದಿ, ಎರಡೂ ಕಡೆ ಗುಡ್ಡ, ಗುಡ್ಡದ ನೆತ್ತಿಯ ಮೇಲೆ ಕೋಟೆ, ಕೋಟೆಯೊಳಗೆ ಒತ್ತೊತ್ತಾಗಿ ಮನೆಗಳು. ಅಲ್ಲಿಗೆ ಹೋಗಬೇಕೆಂದು ಹುಡುಗಿಯಾಗಿದ್ದಾಗ ಎಷ್ಟು ಅತ್ತಿದ್ದಳೋ. ಇಲ್ಲಿಗೆ ಬಂದ ಮೇಲೆ ಇಕ್ಕೇರಿ, ಕೆಳದಿ ನೋಡಿದಳು. ಹೊಸನಗರದ ಬಸ್ಸು ಹತ್ತಿ ನಗರವೆಂಬ ಊರಿನ ಕೋಟೆ ನೋಡಿದಳು, ತೀರ್ಥಹಳ್ಳಿಯ ಕಡೆ ಹೋಗಿ ಕವಲೇದುರ್ಗ ಹತ್ತಿದಳು. ಕೋಟೆಯಿದ್ದ ಕಡೆ ಕೆಳಗೆ ನದಿಯಿರಲಿಲ್ಲ. ಮಸಿಗಲ್ಲು ಕೋಟೆ ಈಗ ನಾಲ್ಕೂ ಕಡೆ ನೀರಿನ ನಡುವೆ ನಿಂತಿದೆ ಎಂದು ಕೇಳಿದ ದಿನವೇ ಆ ಕ್ಯಾಲೆಂಡರು ಕಣ್ಣಿಗೆ ಕಟ್ಟಿತು.

ದೋಣಿಯಲ್ಲಿ ಜಟ್ಟಪ್ಪ ಹುಟ್ಟು ಹಾಕುತ್ತ ಕತೆ ಹೇಳಿದ.

"ಹಿಂದೆ ವೈರಿ ದಂಡು ಕೆಳಗೆ ಬೀಡು ಬಿಟ್ಟಿತ್ತಂತೆ. ಕೋಟೇಲಿ ಹೊಗೆ ಏಳೋದು ನಿಂತ್ರೆ ಜನ ಖಾಲಿ ಅಂತ ಗೊತ್ತಾಗ್ತದಲ್ಲ? ಅದಕ್ಕೆ ದಳವಾಯಿ ಒಬ್ಬಳು ಬಾಣಂತೀನ ಒಲೆ ಮುಂದೆ ಕೂರಿಸಿ, ಹೊಗೆ ಹಾಕ್ತಿರು ಅಂದು, ಎಲ್ಲರನ್ನೂ ಕರ್ಕೊಂಡು ಕಳ್ಳದಾರೀಲಿ ಹೋದ. ಅವಳು ಓಡಿಹೋಗಬಾರದು ಅಂತ ಮಂತ್ರವಾದಿ ಅವಳ ಕೂದಲು ಸುತ್ತಿ ಒಲೆಕಲ್ಲಿಗೆ ಮೊಳೆ ಹೊಡ್ದ. ಕೂಸನ್ನೂ ಕಿತ್ಕೊಂಡು ಹೋದ್ರು. ನಾಳೆ ಬಂದು ಕರ್ಕೊಂಡು ಹೋಗ್ತೀವಿ ಅಂದಿದ್ರಂತೆ."

"ಬಂದ್ರಾ?"

"ಎಲ್ಲಿ ಬರ್ತಾರೆ."

ಆಮೇಲೆ ಕೋಟೆಯೊಳಗೆ ಮತ್ತೆ ಊರು ಬೆಳೆಯಿತು. ಆ ಒಲೆ ಆರಬಾರದೆಂದು ಊರ ಹೆಂಗಸರು ಸರದಿಯಲ್ಲಿ ಹಚ್ಚುತ್ತಿದ್ದರು. ಯಾವಾಗಲೂ ಇಬ್ಬರು, ಒಬ್ಬಳೇ ಎಂದೂ ಇಲ್ಲ. ನೀರು ಬರುತ್ತದೆಂದು ಊರು ಬಿಡುವಾಗ ಹಾಲಮ್ಮನೇ ಹಾಲು ಹೊಯ್ದು ಒಲೆ ಆರಿಸಿದಳು. ಊರಿನ ಮಂತ್ರವಾದಿ ಹೂವಯ್ಯ ಒಲೆಯ ಬಾಯಿಗೆ ನಿಂಬೆಹಣ್ಣಿಟ್ಟು ತಡೆ ಕಟ್ಟಿದ.

"ಪಾಪ," ಎಂದಳು ಜಲಜಾಕ್ಷಿ. "ಕತೆ ಮಾತ್ರ ಚೆನ್ನಾಗಿದೆ."

ದೋಣಿಯಿಂದ ಇಳಿಯುವಾಗ ಪಾಚಿಗಲ್ಲಿನ ಮೇಲೆ ಲಚ್ಚು ಜಾರಿದಳು. ಕುತ್ತಿಗೆಯವರೆಗೆ ನೀರು. ಜಟ್ಟಪ್ಪ ರಟ್ಟೆ ಹಿಡಿದು ಎತ್ತಿದ. ಜಲಜಾಕ್ಷಿ ಒದ್ದೆ ಲಂಗ ಬಿಚ್ಚಿ, ತನ್ನ ಸೆರಗಿನಲ್ಲೇ ಮಗುವನ್ನು ಸುತ್ತಿದಳು.

"ವಾಪಸ್ ಹೋಗೋಣ್ರಮ್ಮ."

"ಇಷ್ಟು ದೂರ ಬಂದು? ಬಿಸಿಲಲ್ಲಿ ಕೂತ್ರೆ ಒಣಗುತ್ತಾಳೆ. ನೀನು ಬಲೆ ಎತ್ತಿಕೊಂಡು ಬಾ."

"ಹೊತ್ತು ಇಳಿಯೋದ್ರೊಳಗೆ ಬರ್ತೀನಿ. ಬಾಗಿಲ ಹತ್ರ ಕೂಗ್ತೀನಿ, ನಾನು ಒಳಗೆ ಬರಾದಿಲ್ಲ," ಎಂದು ಅವನು ದೋಣಿ ತಿರುಗಿಸಿದ. ಹುಟ್ಟಿನ ಸದ್ದು ದೂರವಾಗುತ್ತ ಹೋಯಿತು. ಆಮೇಲೆ ಅದೂ ಇಲ್ಲ.

ಬಿಸಿಲು ಬರಲೇ ಇಲ್ಲ. ಮಾರ್ಗಶಿರದ ಮಂಜು ನೀರಿನಿಂದೆದ್ದು ಕೋಟೆಬಾಗಿಲಲ್ಲಿ ದನದ ಹಿಂಡಿನಂತೆ ನುಗ್ಗುತ್ತಿತ್ತು. ಒಳಗೆ ಮನೆಗಳೆಲ್ಲ ಬೋಳು. ಜನ ಹೆಂಚು, ತೊಲೆ, ಬಾಗಿಲು ಎಲ್ಲ ಕಿತ್ತು ಒಯ್ದಿದ್ದರು. ತುಳಸಿಕಟ್ಟೆಯಲ್ಲಿ ತುಳಸಿಯಿರಲಿಲ್ಲ. ಒಂದು ಗೋಡೆಯ ಮೇಲೆ ಯಾರದೋ ಮಗು ಇದ್ದಿಲಿನಲ್ಲಿ ಬರೆದ ಆನೆ ಹಾಗೇ ಉಳಿದಿತ್ತು. ಲಚ್ಚುವಿಗೆ ಅದನ್ನು ತೋರಿಸಿದಳು. ಲಚ್ಚು ನೋಡಲಿಲ್ಲ. ಅವಳ ಹಲ್ಲು ಕಟಕಟ ಎನ್ನುತ್ತಿತ್ತು. ತುಟಿ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು.

"ಅಮ್ಮಾ, ಚಳಿ."

ಬುರುಜಿನ ಪಕ್ಕ ಒಂದೇ ಒಂದು ಮನೆಗೆ ಮಾಡು ಇತ್ತು. ಒಂದು ಹೆಂಚನ್ನೂ ಯಾರೂ ಮುಟ್ಟಿರಲಿಲ್ಲ.

ಒಳಗೆ ಹಳೇ ಮಸಿಯ ವಾಸನೆ. ಅದರ ಹಿಂದೆ ಸೀದ ಹಾಲಿನ ವಾಸನೆ. ಕಲ್ಲಿನ ಒಲೆಯ ಮೇಲೆ ಹಾಲು ಹರಿದ ಬಿಳಿ ಗುರುತು. ಕಲ್ಲಿಗೆ ಹೊಡೆದ ತುಕ್ಕು ಮೊಳೆಗೆ ತೆಂಗಿನ ನಾರಿನಂಥದೇನೋ ಸುತ್ತಿಕೊಂಡಿತ್ತು. ಒಲೆಯ ಬಾಯಿಗೆ ಒಣಗಿ ಕಪ್ಪಾದ ನಿಂಬೆಹಣ್ಣು. ಅದರ ಹಿಂದೆ, ಒಲೆಯೊಳಗೆ, ಸೌದೆ ಒಟ್ಟಿತ್ತು. ಎಷ್ಟು ಅಚ್ಚುಕಟ್ಟಾಗಿ! ಅಡಿಯಲ್ಲಿ ಒಣ ಅಡಿಕೆ ಹಾಳೆಯ ಚೂರು, ಅದರ ಮೇಲೆ ಸಣ್ಣ ಚಕ್ಕೆ, ಮೇಲೆ ಗಾಳಿಯಾಡುವಂತೆ ಎರಡು ದಪ್ಪ ಸೌದೆಯ ಕೊಂಟು. ಕಡ್ಡಿ ಗೀರುವುದೊಂದೇ ಬಾಕಿ. ಯಾವ ಪುಣ್ಯಾತ್ಗಿತ್ತಿ ಇಟ್ಟು ಹೋದಳೋ ಎಂದುಕೊಂಡಳು ಜಲಜಾಕ್ಷಿ.

ಹಾಲಮ್ಮನ ಮಾತು ನೆನಪಾಗಲಿಲ್ಲವೆಂದಲ್ಲ. ನೆನಪಾಯಿತು. ಮಗಳ ಪಾದ ಮುಟ್ಟಿ ನೋಡಿದಳು. ಬಾವಿಯ ಕಲ್ಲು ಮುಟ್ಟಿದ ಹಾಗಿತ್ತು. ಯಾವ ತಾಯಿ ಕತೆ ನೆನೆದು ಸುಮ್ಮನೆ ಕೂರುತ್ತಾಳೆ? ನಿಂಬೆಹಣ್ಣನ್ನು ಪಕ್ಕಕ್ಕೆ ಸರಿಸಿದಳು. ಚೀಲದಿಂದ ಬೆಂಕಿಪೊಟ್ಟಣ ತೆಗೆದು ಕಡ್ಡಿ ಗೀರಿದಳು.

ಬೆಂಕಿ ಭಗ್ಗನೆ ಹತ್ತಿತು. ಸೀಸೆಯ ಹಾಲನ್ನು ಲೋಟಕ್ಕೆ ಬಗ್ಗಿಸಿ ಕಾಯಿಸಿ ಕುಡಿಸಿದಳು. ಲಚ್ಚುವಿನ ತುಟಿಗೆ ಬಣ್ಣ ಬಂತು. ಮಗು ಗೋಡೆಗೊರಗಿ ತೂಕಡಿಸಿತು. ಜಲಜಾಕ್ಷಿ ಉರಿ ಏರಿಸಲೆಂದು ಬಗ್ಗಿ ಊದಿದಳು.

ಅಲ್ಲಿಯವರೆಗೆ ಮಾಡಿನ ಸಂದಿಯಿಂದ ಹೋಗುತ್ತಿದ್ದ ಹೊಗೆ ಈ ಸಲ ಹೊರಗೆ ಹೋಗಲಿಲ್ಲ. ಅವಳ ಮುಖಕ್ಕೇ ಬಂತು. ಬಾಯಿಗೆ ಬಂತು. ಕಣ್ಣು ಮುಚ್ಚಿದಳು.

ಯಾರೋ ಆಳವಾಗಿ ಉಸಿರು ಬಿಟ್ಟರು. ಬಹಳ ಕಾಲ ಹೊತ್ತ ಹೊರೆ ಇಳಿಸಿದವರ ಉಸಿರು.

ಕಣ್ಣು ತೆರೆದಳು. ಒಲೆಯ ಆಚೆ ಒಬ್ಬ ಹೆಂಗಸು ಕೂತಿದ್ದಳು. ನೀಲಿ ಸೀರೆ. ಅಂಚಿನಲ್ಲಿ ಹರಿದು ಹೊಲಿದ ಗುರುತು. ಅದು ತನ್ನ ಸೀರೆ. ಆ ಕೈ ತನ್ನ ಕೈ. ಆ ಮುಖ ತನ್ನ ಮುಖ. ಅವಳ ತೊಡೆಯ ಮೇಲೆ ಲಚ್ಚು.

ಜಲಜಾಕ್ಷಿ ತನ್ನ ಕೈ ನೋಡಿಕೊಂಡಳು. ಬಳೆಯಿಲ್ಲ. ಬೂದಿ ಮೆತ್ತಿದ ಎಲುಬು. ಎದ್ದಳು. ತಲೆ ಹಿಂದಕ್ಕೆ ಜಗ್ಗಿತು. ಕೂದಲು! ಕೂದಲು ಮೊಳೆಗೆ ಸುತ್ತಿತ್ತು.

"ನನ್ನ ಕೂಸೂ ಹೀಗೇ ಬೆಚ್ಚಗಿತ್ತು," ಎಂದಳು ಅವಳು, ಮಗುವನ್ನು ಎತ್ತಿಕೊಳ್ಳುತ್ತ. ದನಿಯಲ್ಲಿ ದ್ವೇಷವಿರಲಿಲ್ಲ. "ನಾಳೆ ಬರ್ತೀವಿ ಅಂದ್ರು. ನಾನು ಕಾದೆ. ನೀನೂ ಕಾಯಿ."

ಲಚ್ಚುವಿಗೆ ಎಚ್ಚರವಾಯಿತು. "ಅಮ್ಮಾ, ಯಾರೋ ಅಳ್ತಿದಾರೆ."

"ಯಾರೂ ಇಲ್ಲ ಕಂದಾ. ಹೊಗೆ."

ಅವಳು ಹೊಸ್ತಿಲು ದಾಟಿದಳು. ಹೊರಗೆ ಜಟ್ಟಪ್ಪನ ಕೂಗು ಕೇಳಿತು. ಒಳಗೆ ಬರುವುದಿಲ್ಲ ಎಂದಿದ್ದವನು ಹೊಗೆ ಕಂಡು ಓಡಿ ಬಂದಿದ್ದ; ಏದುಸಿರು ಬಿಡುತ್ತಿದ್ದ.

"ಹಚ್ಚೇಬಿಟ್ರಾ! ಅಮ್ಮಾ... ನೀವೇ ಏನ್ರಮ್ಮ?"

"ಮತ್ಯಾರು, ದೆವ್ವವಾ?" ಎಂದು ನಗು ಕೇಳಿಸಿತು. ದಡದಲ್ಲಿ ಹಾಲಮ್ಮನ ಮುಂದೆ ತಾನು ನಕ್ಕ ಅದೇ ನಗು.

ಜಲಜಾಕ್ಷಿ ಚೀರಿದಳು. ಸದ್ದು ಬರಲಿಲ್ಲ. ಜಗ್ಗಿದಳು. ಮೊಳೆ ಅಲ್ಲಾಡಲಿಲ್ಲ. ಒಲೆಯ ಪಕ್ಕದ ಕಿಂಡಿಯಲ್ಲಿ ನೀರು ಕಾಣುತ್ತಿತ್ತು. ದೋಣಿ ಹೊರಟಿತ್ತು. ಜಟ್ಟಪ್ಪ, ಅವಳು, ಅವಳ ಹೆಗಲ ಮೇಲೆ ಲಚ್ಚುವಿನ ಪುಟ್ಟ ತಲೆ.

ಕಿಂಡಿಯಲ್ಲಿ ಬೆಳೆದ ಹಸಿ ಬಳ್ಳಿಯನ್ನು ಕಿತ್ತು ಕಿತ್ತು ಉರಿಗೆ ಹಾಕಿದಳು. ದಟ್ಟ ಬಿಳಿ ಹೊಗೆ ಮಾಡಿನ ಸಂದಿಯಿಂದ ಎದ್ದಿತು. ನೋಡು ಮರಿ. ಇಲ್ಲಿ ನೋಡು. ಅಮ್ಮ ಇಲ್ಲಿದ್ದಾಳೆ.

ಲಚ್ಚು ತಲೆ ಎತ್ತಿದಳು. ಹೊಗೆ ನೋಡಿದಳು. ಅಳುವ ಮುಖ ಮಾಡಿ ಕೋಟೆಯ ಕಡೆ ಕೈ ಚಾಚಿದಳು.

ಅವಳು ಮೆತ್ತಗೆ ಮಗುವಿನ ಮುಖವನ್ನು ತನ್ನ ಸೆರಗಿನೊಳಗೆ ತಿರುಗಿಸಿಕೊಂಡಳು. ದೋಣಿ ಮಂಜಿನಲ್ಲಿ ಕರಗಿತು.

ಬಳ್ಳಿ ಮುಗಿಯಿತು. ಬೆಂಕಿ ಆರಿತು. ಮತ್ತೆ ಹಚ್ಚಲು ಹೋದರೆ ಆ ಬೆರಳುಗಳಲ್ಲಿ ಕಡ್ಡಿ ಹತ್ತಲಿಲ್ಲ.

ಎಷ್ಟು ಮಳೆಗಾಲ ಕಳೆದವೋ. ಜಲಜಾಕ್ಷಿಗೆ ಹಸಿವಿಲ್ಲ, ನಿದ್ದೆಯಿಲ್ಲ. ಯೋಚನೆ ಮಾತ್ರ ಇದೆ. ಲಚ್ಚುವಿಗೆ ಬಲಗಿವಿಯ ಹಿಂದೆ ಸಿಕ್ಕು ಜಾಸ್ತಿ, ಬಾಚುವಾಗ ಬುಡ ಹಿಡಿದುಕೊಳ್ಳಬೇಕು ಎಂದು ಅವಳಿಗೆ ಯಾರು ಹೇಳುತ್ತಾರೆ? ಶನಿವಾರ ಬಂದ ಶಂಕರನಾರಾಯಣನಿಗೆ ಏನೂ ಗೊತ್ತಾಗುವುದಿಲ್ಲವೇ? ಅವಳು ಲಚ್ಚುವನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಿರಬಹುದು. ಅದನ್ನು ನೆನೆದರೇ ಹೆಚ್ಚು ಉರಿ.

ಒಂದು ದಿನ ಹುಟ್ಟಿನ ಸದ್ದು ಕೇಳಿಸಿತು. ಆಮೇಲೆ ಹೆಂಗಸಿನ ದನಿ.

"ಅದೆಲ್ಲ ಅಜ್ಜಿ ಕತೆ ಬಿಡಿ. ನೋಡ್ಕೊಂಡು ಬರ್ತೀವಿ."

ಜೊತೆಗೆ ಒಂದು ಮಗುವಿನ ಕೇಕೆ.

ಜಲಜಾಕ್ಷಿ ಬೂದಿಯೊಳಗೆ ಕೈಯಿಟ್ಟಳು. ಅಡಿಯಲ್ಲಿ ಒಣ ಹಾಳೆಯ ಚೂರು ಹರಡಿದಳು. ಮೇಲೆ ಸಣ್ಣ ಚಕ್ಕೆ. ಅದರ ಮೇಲೆ, ಗಾಳಿಯಾಡುವಂತೆ, ಎರಡು ಕೊಂಟು. ಒಂದು ಗಳಿಗೆ ಎಲ್ಲವನ್ನೂ ಚೆಲ್ಲಿಬಿಡೋಣ ಎನಿಸಿತು.

ಚೆಲ್ಲಲಿಲ್ಲ. ಕಿಂಡಿಗೆ ಕಿವಿಗೊಟ್ಟು ಕೂತಳು. ದೋಣಿಯಿಂದ ಇಳಿಯುವ ಆ ಕಲ್ಲಿಗೆ ಇನ್ನೂ ಪಾಚಿಯಿರಲಿ, ಮಗುವಿಗೆ ಚಳಿಯಾಗಲಿ ಎಂದು ದೇವರಲ್ಲಿ ಬೇಡಿಕೊಂಡಳು.