ಹೊಳೆವ್ವನ ತಪ್ಪು

“ನಿಲ್ಲಸ್ರಿ! ತುಳಿಯೋದು ನಿಲ್ಲಸ್ರಿ, ಬಾಯಾರ!”

ಹೊಳೆವ್ವ ಗಕ್ಕನೆ ನಿಂತಳು. ಆಗತಾನೇ ಹುಟ್ಟಿದ ಕೂಸಿಗೆ ಉಸಿರು ಕಟ್ಟಿತ್ತು. ಗಂಟಲಿನ ನೀರು ಎಳೆಯುವ ಕಾಲು ಪಂಪು ಮಾತ್ರ ಎಷ್ಟು ತುಳಿದರೂ ಎಳೆಯುತ್ತಿರಲಿಲ್ಲ!

ಆಸ್ಪತ್ರೆಯ ಯಂತ್ರ ರಿಪೇರಿಗೆ ಬಂದು ಬಾಗಿಲಲ್ಲಿ ನಿಂತಿದ್ದವನು ಓಡಿ ಬಂದು ಪಂಪಿನ ಬಾಟಲಿಯ ಮುಚ್ಚಳ ಬಿಚ್ಚಿದ.

“ಈ ರಬ್ಬರ್ ವಾಷರೂ ಕುದಿಸೀರೇನು?”

“ಎಲ್ಲಾ ಕುದಿಸಬೇಕಂತ ಕಲಿಸ್ಯಾರ್ರಿ...”

“ಉಬ್ಬಿ ಸೊಟ್ಟ ಆಗೇತಿ. ಗಾಳಿ ಸೋರಾಕತ್ತೇತಿ. ಈಗ ತುಳೀರಿ!”

ಜೇಬಿನಲ್ಲಿದ್ದ ಹೊಸ ವಾಷರ್ ಕೂತಿತು. ಸ್ವಲ್ಪ ಹೊತ್ತಿಗೆ ಕೂಸು ಅತ್ತಿತು. ಅವನು ನಕ್ಕ. ಕನಮಡಿಯ ಕುರಿ ಕಾಯುವವರ ಮನೆಯಿಂದ ಬಂದು ವಿಜಾಪುರದಲ್ಲಿ ನರ್ಸ್ ಆಗಿದ್ದ ಈ ಗಟ್ಟಿ ಹುಡುಗಿಗೆ ಆ ನಗು ನೋಡಿ ಎದೆ ಡವಗುಟ್ಟಿತು!

ಅವನು ಸಿದ್ದರಾಯ. ಸೊಲ್ಲಾಪುರ ರಸ್ತೆಯಲ್ಲಿ ಅವನ ವರ್ಕ್‌ಶಾಪ್. ಕೆಟ್ಟ ಯಂತ್ರಗಳು ಆಸ್ಪತ್ರೆಗಳ ಮೂಲೆ ಸೇರುವುದನ್ನು ನೋಡಲಾಗದೆ, ಕೆಲವು ಡಾಕ್ಟರರೂ ಮೆಕ್ಯಾನಿಕರೂ ಸೇರಿ ೧೯೫೯ರಲ್ಲಿ ‘ಆಸ್ಪತ್ರೆ ಯಂತ್ರ ಸಂಘ’ ಕಟ್ಟಿದ್ದರು. ಅವನೇ ಕಾರ್ಯದರ್ಶಿ. ರಜೆಯ ದಿನ ಬಸ್ಸು ಹತ್ತಿ ತಿಕೋಟಾ, ಬಬಲೇಶ್ವರದ ದವಾಖಾನೆಗಳಿಗೆ ಹೋಗಿ ಯಂತ್ರ ನೋಡಿ ಬರುತ್ತಿದ್ದರು. ಹೊಳೆವ್ವನೂ ಜೊತೆಗೆ ಹೋಗತೊಡಗಿದಳು. ಯಂತ್ರಕ್ಕಿಂತ ಅವನನ್ನೇ ಹೆಚ್ಚು ನೋಡಿದಳು ಅನ್ನಿ!

ಒಂದು ಭಾನುವಾರ ಸಂಘದ ಸಭೆಗೆ ಕರೆದ. ಮೇಜಿನ ಮೇಲೆ ಆ ಸೊಟ್ಟ ವಾಷರ್!

“ಇನ್ನ ಮ್ಯಾಲ ಇದರ ಹೆಸರು ‘ಹೊಳೆವ್ವನ ತಪ್ಪು’!” ಎಂದ ಸಿದ್ದರಾಯ.

ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದರು. ಹೊಳೆವ್ವನ ಮುಖ ಕೆಂಪಾಯಿತು.

‘ಕುರಿ ಕಾಯೋರ ಮಗಳು ಅಂತ ಎಲ್ಲಾರ ಮುಂದ ಮಾನ ಕಳದನಲ್ಲ...’

ಎದ್ದು ಹೊರಟೇಬಿಟ್ಟಳು. ಹಟ ಮಾಡಿ ತಿಕೋಟಾಕ್ಕೆ ವರ್ಗ ಮಾಡಿಸಿಕೊಂಡಳು. ಅವನು ಹುಡುಕಿಕೊಂಡು ಬಂದರೆ, “ಇಲ್ಲ ಅಂತ ಹೇಳ್ರಿ!” ಎಂದು ಒಳಗೆ ಅಡಗಿದಳು. ಅವನು ಹೋದ ಮೇಲೆ ಬಸ್ಸಿನ ಸದ್ದಿಗೆಲ್ಲ ಬಾಗಿಲಿಗೆ ಓಡಿದಳು. ಊಟ ಸೇರಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ಬೇಡವೆಂದರೆ ಬೇಡ, ಮತ್ತೆ ಈ ಚಡಪಡಿಕೆ ಯಾಕೆ?

ಆ ಬೇಸಿಗೆಯಲ್ಲಿ ಬಬಲೇಶ್ವರಕ್ಕೆ ಡ್ಯೂಟಿ ಬಿತ್ತು. ಕಾಲಿಟ್ಟ ದಿನವೇ ಅಲ್ಲೂ ಒಂದು ಕೂಸು ಉಸಿರಿಗೆ ಒದ್ದಾಡುತ್ತಿತ್ತು. ಹೊಳೆವ್ವ ಪಂಪಿಗೆ ಕಾಲಿಡುವಷ್ಟರಲ್ಲಿ ಅಲ್ಲಿಗೆ ಹೊಸದಾಗಿ ಬಂದಿದ್ದ ನರ್ಸ್ ಸಬೀರಾ ತಡೆದಳು.

“ತಡೀರಿ ಅಕ್ಕಾರ! ಮೊದಲ ‘ಹೊಳೆವ್ವನ ತಪ್ಪು’ ನೋಡಬೇಕ್ರಿ!”

ಸರಸರನೆ ವಾಷರ್ ಬದಲಿಸಿದಳು. ಕೂಸು ಕಿರುಚಿ ಅತ್ತಿತು!

“ಯಾರ... ಯಾರ ಕಲಿಸಿದ್ರು?” ಹೊಳೆವ್ವ ಕೇಳಿದಳು.

“ಸಂಘದವರ್ರಿ. ತಪ್ಪು ಮರೀಬಾರದಂತ ಮಾಡಿದವರ ಹೆಸರ ಇಡ್ತಾರ. ಡಾಕ್ಟರ್ ಆದ್ರೂ ಬಿಡಂಗಿಲ್ಲ. ಸಿದ್ದರಾಯರ ಹೆಸರಲೇ ಮೂರು ಅದಾವ! ಆ ಹೊಳೆವ್ವ ಯಾರೋ, ಪುಣ್ಯಾತ್ಗಿತ್ತಿ...”

ಹೊಳೆವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅಯ್ಯೋ, ಏನೆಂದುಕೊಂಡಿದ್ದೆ ಅವನನ್ನು!

ಸಂಜೆ ಎಂದಿನಂತೆ ಯಂತ್ರ ನೋಡಲು ಬಸ್ಸಿಳಿದು ಬಂದ ಸಿದ್ದರಾಯ ಅವಳನ್ನು ಕಂಡು ಹೊಸ್ತಿಲಲ್ಲೇ ನಿಂತುಬಿಟ್ಟ.

“ಬಾಯಾರ... ನಮ್ಮ ಪದ್ಧತಿ ಮೊದಲ ಹೇಳಬೇಕಿತ್ತು. ಹೇಳದೇ ಹೆಸರ ಇಟ್ಟೆ. ನನ್ನ ನಾಕನೇ ತಪ್ಪು ಅದು.”

“ಕೇಳದೇ ಓಡಿ ಬಂದದ್ದು ನನ್ನ ತಪ್ಪು,” ಎಂದಳು ಕಣ್ಣೊರೆಸಿಕೊಂಡು.

“ನೀವಿಲ್ಲದೇ ಒಂದು ಕೆಲಸಾನೂ ಕೈಗೆ ಹತ್ತವಲ್ದು. ನನ್ನ ಮದುವಿ ಆಗ್ತೀರೇನು?”

ಹೊಳೆವ್ವ ಅವನ ಕೈಚೀಲ ತೆಗೆದುಕೊಂಡು ಪಕ್ಕಕ್ಕಿಟ್ಟಳು.

“ಆಗ್ತೀನಿ. ಖರೆ, ಒಂದು ಮಾತು.”

“ಏನ್ರಿ?”

“ಇನ್ನ ಮುಂದ ಯಾವ ತಪ್ಪಾದ್ರೂ, ಇಬ್ಬರ ಹೆಸರೂ ಕೂಡಿಸಿ ಇಡ್ರಿ.”