ಬಾಗಿಲ ಮೇಲಿನ ಅರ್ಧ ಕಲ್ಲು

"ಬೆನ್ನಿಗೆ ಹೊಡೆದ್ರೆ ಯಾವ ಕಲ್ಲೂ ಬಾಯಿ ಬಿಡಲ್ಲ, ಡಾಕ್ಟರಮ್ಮ."

ಸುತ್ತಿಗೆ ಎತ್ತಿದ ಕೈಯನ್ನು ಹಾಗೇ ನಿಲ್ಲಿಸಿ ಥೆಕ್ಲಾ ಮೆರ್ಟಿಗ್ ತಿರುಗಿ ನೋಡಿದಳು. ಸ್ಯಾಕ್ಸನಿಯ ಆ ಕಲ್ಲಿದ್ದಲು ಗಣಿಯ ಕಸದ ದಿಬ್ಬದ ಮೇಲೆ, ಬೆಳಗಿನ ಪಾಳಿ ಮುಗಿಸಿದ ಆಳೊಬ್ಬ ನಿಂತಿದ್ದ. ಮುಖವೆಲ್ಲ ಮಸಿ. ಬೆಳ್ಳಗಿದ್ದದ್ದು ಕಣ್ಣು, ಹಲ್ಲು ಎರಡೇ.

ಕಲ್ಲಾದ ಗಿಡಗಳನ್ನು ಓದುವುದು ಅವಳ ಕಸುಬು. ಡಾಕ್ಟರೇಟ್ ಸಿಕ್ಕಿ ಆರು ತಿಂಗಳೂ ಆಗಿರಲಿಲ್ಲ. ಇವನ್ಯಾರು ನನಗೆ ಹೇಳಿಕೊಡೋಕೆ... ಎಂದು ಮನಸ್ಸು ಸಿಡುಕಿತು.

ಅವನು ಪಕ್ಕದಲ್ಲೇ ಕೂತ. ಕಲ್ಲನ್ನು ಮಗ್ಗುಲಿಗೆ ತಿರುಗಿಸಿ, ಹೆಬ್ಬೆರಳ ಉಗುರಿನಿಂದ ಪದರ ಹುಡುಕಿ, ಉಳಿಯಿಟ್ಟು ಒಂದೇ ಒಂದು ಏಟು ಕೊಟ್ಟ. ಬೆಂದ ಆಲೂಗಡ್ಡೆ ಸಿಪ್ಪೆ ಬಿಟ್ಟಷ್ಟು ಸಲೀಸಾಗಿ ಕಲ್ಲು ಎರಡಾಯಿತು. ಒಳಗೆ ಕಪ್ಪಗೆ ಮಿನುಗುವ ಜರೀಗಿಡದ ಎಲೆ.

ಅವಳ ಎದೆ ಝಲ್ಲೆಂದಿತು. ಎಲೆಗೋ, ಮಸಿಯ ನಡುವಿನ ಆ ಕಣ್ಣಿಗೋ... ಅಂದು ಅವಳು ತನ್ನನ್ನೇ ಕೇಳಿಕೊಳ್ಳಲಿಲ್ಲ.

ಅವನ ಹೆಸರು ಆರ್ನೋ ಲಿಪೋಲ್ಡ್. ಎರಡು ಬೇಸಿಗೆಯುದ್ದಕ್ಕೂ ಪಾಳಿ ಮುಗಿದ ಮೇಲೆ ದಿಬ್ಬಕ್ಕೆ ಬಂದ. ಕರಿ ರೊಟ್ಟಿಗೆ ಹಂದಿ ಕೊಬ್ಬು ಸವರಿದ್ದನ್ನು ಅರ್ಧ ಮುರಿದು ಕೊಡುತ್ತಿದ್ದ; ಓದಿದೋರ ಕೈಗೆ ಬೊಬ್ಬೆ ಬೇಗ ಬರುತ್ತೆ ಎಂದು ರೇಗಿಸುತ್ತಿದ್ದ. ಎರಡನೇ ವರ್ಷದ ಶರತ್ಕಾಲದಲ್ಲಿ ಸಿಕ್ಕ ಒಂದು ಕಲ್ಲಿನಲ್ಲಿ ಎಲೆಯ ಪಕ್ಕ ಗೋಧಿಕಾಳಿನಂಥ ಬೀಜವೊಂದಿತ್ತು.

ಥೆಕ್ಲಾ ಉಸಿರು ಬಿಗಿಹಿಡಿದಳು. ಈ ಎಲೆ ಜರೀಗಿಡದ್ದು, ಜರೀಗಿಡಕ್ಕೆ ಬೀಜವಿಲ್ಲ ಎಂದೇ ಎಲ್ಲರೂ ನಂಬಿದ್ದರು. ತುಂತುರು ಶುರುವಾಗಿತ್ತು, ರೈಲಿಗೆ ಹೊತ್ತಾಗಿತ್ತು. ಎಲೆ ಚೆನ್ನಾಗಿದ್ದ ಹೋಳನ್ನು ಚೀಲಕ್ಕೆ ಹಾಕಿಕೊಂಡು, "ನನಗೆ ಇದು ಸಾಕು, ಆ ಅರ್ಧ ನಿಮಗೇ ಇರಲಿ" ಎಂದಳು.

ಆರ್ನೋ ಟೋಪಿ ತೆಗೆದು ನಿಂತ. ಮಳೆಯಲ್ಲಿ ಟೋಪಿ ಯಾಕೆ ತೆಗೆದ ಎಂದು ಅವಳಿಗೆ ರೈಲಿನಲ್ಲಿ ನಗು ಬಂತು.

ನಗು ಹೆಚ್ಚು ದಿನ ಉಳಿಯಲಿಲ್ಲ. ಈ ಎಲೆಯದೇ ಈ ಬೀಜ ಎಂದು ಅವಳು ಬರೆದದ್ದನ್ನು ಅವಳ ಗುರು ಪ್ರೊಫೆಸರ್ ರಾಟ್ ಓದಿ, ಕನ್ನಡಕ ಒರೆಸುತ್ತಾ, ಬೀಜ ಎಲ್ಲಿಂದಲೋ ತೇಲಿಬಂದು ಎಲೆಯ ಪಕ್ಕ ಬಿದ್ದಿದೆ, ಎರಡನ್ನೂ ಸೇರಿಸುವ ತೊಟ್ಟು ತೋರಿಸು ಎಂದರು. ಅವಳ ಹೋಳಿನಲ್ಲಿ ತೊಟ್ಟಿರಲಿಲ್ಲ. ಇದ್ದರೆ ಆ ಇನ್ನೊಂದರಲ್ಲೇ ಇರಬೇಕು. ತೋರಿಸದಿದ್ದರೆ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವ ಹಕ್ಕು ಕೈತಪ್ಪುತ್ತದೆ. ಬದುಕೆಲ್ಲ ಬೇರೆಯವರ ಕಲ್ಲುಗಳಿಗೆ ಚೀಟಿ ಅಂಟಿಸುವುದೇ ಗತಿ. ಕಲ್ಲು ಒಡೆದಾಗ ಎರಡು ಹೋಳನ್ನೂ ಬಿಡಬಾರದು ಎಂಬುದು ಈ ಕಸುಬಿನ ಮೊದಲ ಪಾಠ. ಅದನ್ನೇ ಅವಳು ಮರೆತಿದ್ದಳು.

ಕ್ರಿಸ್‌ಮಸ್ ಕಳೆದ ಮೇಲೆ ಆರ್ನೋಗೆ ಎರಡೇ ಸಾಲು ಬರೆದಳು. ಆ ಅರ್ಧ ಕಲ್ಲು ವಾಪಸು ಬೇಕು, ಕೂಡಲೇ ಕಳಿಸಿ.

ಉತ್ತರ ಒಂದೇ ಸಾಲು. "ಅದನ್ನ ಕೊಡೋಕಾಗಲ್ಲ."

ಮಾರಿಕೊಂಡನೇ? ನನ್ನ ಬದುಕನ್ನೇ ಮಾರಿಕೊಂಡನೇ... ಥೆಕ್ಲಾ ಅತ್ತಳು. ಫೆಬ್ರವರಿಯ ಹಿಮದಲ್ಲಿ ಜಗಳಕ್ಕೆಂದೇ ಹೊರಟಳು.

ಬಾಗಿಲು ತೆರೆದದ್ದು ಅವನ ತಾಯಿ ಮಿಲ್ಡಾ. ಇವಳ ಬೂಟಿನ ಹಿಮ ಕೊಡವಿಸಿ, ಒಲೆಯ ಹತ್ತಿರ ಕೂರಿಸಿ, ಮುಖವನ್ನೇ ದಿಟ್ಟಿಸಿದಳು.

"ಅರ್ಧ ಕಲ್ಲು ವಾಪಸು ಕೇಳಿದೋಳು ನೀನೇನಾ? ಅವನು ಒಂದು ತಿಂಗಳಿಂದ ಸರಿಯಾಗಿ ಉಂಡಿಲ್ಲ, ಮಗಳೇ."

"ನಂದೇ ಕಲ್ಲು ನಾನು ಕೇಳಿದ್ರೆ ತಪ್ಪೇನು?"

ಮಿಲ್ಡಾ ನಿಧಾನವಾಗಿ ಹೇಳಿದಳು. ಈ ಊರಲ್ಲಿ ಎಲೆಗಲ್ಲು ಒಡೆದಾಗ ಹುಡುಗಿ ಒಂದು ಅರ್ಧ ಇಟ್ಟುಕೊಂಡು ಇನ್ನೊಂದನ್ನು ಹುಡುಗನಿಗೆ ಬಿಟ್ಟರೆ ಅದು ಮಾತು ಕೊಟ್ಟ ಹಾಗೆ. ವಾಪಸು ಕೇಳಿದರೆ ಮಾತು ಮುರಿದ ಹಾಗೆ.

"ನಿನಗೆ ಅಂತ ಅವನು ಕಟ್ಟಿಸಿದ ಕೋಣೆ ನೋಡು ಬಾ."

ಮನೆಯ ಹಿಂದುಗಡೆ ಸುಣ್ಣದ ವಾಸನೆ ಇನ್ನೂ ಹೋಗಿರದ ಹೊಸ ಕೋಣೆ. ಕಿಟಕಿ ಕೆಳಗೆ ಉದ್ದನೆಯ ಮೇಜು. ಗೋಡೆಗೆ ಕಲ್ಲು ಜೋಡಿಸುವುದಕ್ಕೆಂದೇ ಹಲಗೆಗಳು, ಎಲ್ಲ ಖಾಲಿ. ಬಾಗಿಲ ಮೇಲೆ, ಗಾರೆಯಲ್ಲಿ ಕೂರಿಸಿದ ಆ ಅರ್ಧ ಕಲ್ಲು.

ಥೆಕ್ಲಾ ಮುಕ್ಕಾಲಿ ಹತ್ತಿ ಮಸೂರ ಹಿಡಿದಳು. ಎಲೆಯ ದಂಟಿನಿಂದ ಹೊರಟ ಕೂದಲೆಳೆಯಷ್ಟು ತೆಳ್ಳನೆಯ ತೊಟ್ಟು... ಅದರ ತುದಿಗೆ ಬೀಜ. ಅವಳ ಉಸಿರಿಗೆ ಮಸೂರ ಮಂಜಾಯಿತು.

ಹಿಂದೆ ಹೆಜ್ಜೆ ಸಪ್ಪಳ. ಆರ್ನೋ, ಮಸಿ ಮುಖದಲ್ಲೇ. ಅವನು ಅವಳತ್ತ ನೋಡಲಿಲ್ಲ. ಸೊಂಟದಿಂದ ಉಳಿ ತೆಗೆದ.

"ಇಳೀರಿ ಡಾಕ್ಟರಮ್ಮ. ಬಿಡಿಸಿ ಕೊಡ್ತೀನಿ. ಇಲ್ಲಿಯವರೆಗೆ ಬಂದು ಕೇಳೋ ಹಾಗೆ ಮಾಡಬಾರದಿತ್ತು ನಾನು."

"ಉಳಿ ಒಳಗಿಡಿ." ಅವಳು ಮುಕ್ಕಾಲಿಯಿಂದ ಇಳಿದಳು. "ಈ ಊರಿನ ಮಾತು ನನಗೆ ಗೊತ್ತಿರಲಿಲ್ಲ, ಆರ್ನೋ. ಗೊತ್ತಿದ್ರೂ ಅದೇ ಅರ್ಧ ನಿಮಗೇ ಬಿಡ್ತಿದ್ದೆ."

ಅವನು ಗೋಡೆಗೆ ಒರಗಿದ. ಬೆಳ್ಳಗಿದ್ದ ಆ ಕಣ್ಣು ಎರಡೂ ತುಂಬಿ ಬಂದವು.

ಅಂದೇ ಥೆಕ್ಲಾ ಪ್ರೊಫೆಸರರಿಗೆ ಬರೆದಳು. ಕಲ್ಲು ಬರುವುದಿಲ್ಲ, ನೀವೇ ಬನ್ನಿ.

ಏಪ್ರಿಲ್‌ನಲ್ಲಿ ಅವರು ಬಂದರು, ಜೊತೆಗೆ ಗಡ್ಡದ ಮೂವರು ವಿದ್ವಾಂಸರು. ಅಷ್ಟು ದೊಡ್ಡ ಮನುಷ್ಯರು ಅಡುಗೆಮನೆಯ ಮುಕ್ಕಾಲಿಯನ್ನು ಸರದಿಯಲ್ಲಿ ಹತ್ತಿದರು. ಕಾಲೊರೆಸಿ ಹತ್ತಿ ಸ್ವಾಮಿ ಎಂದು ಮಿಲ್ಡಾ ಒಬ್ಬೊಬ್ಬರಿಗೂ ಗದರಿದಳು. ಪ್ರೊಫೆಸರ್ ರಾಟ್ ಮಸೂರ ಹಿಡಿದು ಬಹಳ ಹೊತ್ತು ನಿಂತರು. ಥೆಕ್ಲಾ ತನ್ನ ಹೋಳನ್ನು ಎತ್ತಿ ಕೊಟ್ಟಳು. ನರಕ್ಕೆ ನರ, ಅಂಚಿಗೆ ಅಂಚು ತಾಳೆಯಾಯಿತು.

"ತೊಟ್ಟಿದೆ" ಎಂದರು ಅವರು. ಕೆಳಗಿಳಿದು ಅವಳ ಕೈ ಕುಲುಕಿದರು. "ಇಷ್ಟು ವರ್ಷ ನಾನು ಪಾಠ ಹೇಳಿದ್ದು ತಪ್ಪು. ಇನ್ನು ನೀವು ಹೇಳಿ."

ಬಾಗಿಲಾಚೆ ನೆರೆದಿದ್ದ ಗಣಿಯವರು ಟೋಪಿ ಬೀಸಿದರು. ಯಾರೋ ಕೊಳಲಿನವನನ್ನು ಕರೆದುಕೊಂಡೇ ಬಂದಿದ್ದರು.

ಸಂಜೆ ಇಬ್ಬರೇ ಹೊಸ ಕೋಣೆಯಲ್ಲಿ ಉಳಿದಾಗ ಥೆಕ್ಲಾ ಹೇಳಿದಳು.

"ಗಿಡಕ್ಕೆ ಹೆಸರಿಡೋ ಹಕ್ಕು ನಂದು. ಲಿಪೋಲ್ಡ್ ಅಂತ ಇಟ್ಟಿದೀನಿ."

ಆರ್ನೋ ಉಳಿಯನ್ನು ಬೆರಳಲ್ಲಿ ತಿರುಗಿಸುತ್ತಾ ಕೂತಿದ್ದ. "ಮೂವತ್ತು ಕೋಟಿ ವರ್ಷದ ಮುದುಕ ಗಿಡಕ್ಕೆ ನನ್ನ ಹೆಸರು ಕೊಟ್ರಿ. ನೀವು ಯಾವಾಗ ಇಟ್ಕೋತೀರಿ?"

"ನಾನು ಬರೆಯೋ ಪುಸ್ತಕದಲ್ಲಿ ಕಡೇವರೆಗೂ ಮೆರ್ಟಿಗ್ ಅಂತಲೇ ಇರುತ್ತೆ."

"ಇರಲಿ. ಮನೇಲಿ?"

ಅವಳು ಅವನ ಕೈಯಿಂದ ಉಳಿ ತೆಗೆದು ಉದ್ದನೆಯ ಮೇಜಿನ ಮೇಲೆ ತನ್ನ ಸುತ್ತಿಗೆಯ ಪಕ್ಕದಲ್ಲಿಟ್ಟಳು.

"ಮೊದಲು ಮುಖ ತೊಳ್ಕೊಂಡು ಬನ್ನಿ. ಯಾರನ್ನ ಮದುವೆ ಆಗ್ತಿದೀನಿ ಅಂತ ಒಂದು ಸಲ ಸರಿಯಾಗಿ ನೋಡ್ಬೇಕು."