ಅಪ್ಪನ ಹತ್ತು ತಪ್ಪುಗಳು

ಅಪ್ಪ ಡಬ್ಬಿಯ ಮುಚ್ಚಳ ತೆಗೆದ. ಒಳಗೆ ಬ್ರೆಡ್ಡು ಇರಲಿಲ್ಲ. ಹಲ್ಲುಗಳಿದ್ದವು.

ಮೇಲಿನದೊಂದು ಸಾಲು, ಕೆಳಗಿನದೊಂದು ಸಾಲು. ಹತ್ತಿಯ ಮೇಲೆ ಮಲಗಿಕೊಂಡು, ಎದುರಿನ ಕೆರೆಯನ್ನು ನೋಡಿ ನಗುತ್ತಿದ್ದವು.

ಪಾಪು ಚಪ್ಪಾಳೆ ತಟ್ಟಿದಳು. ಅವಳ ಅಣ್ಣ ಮಿಡತೆ ಡಬ್ಬಿಯೊಳಗೆ ಮೂಗು ತೂರಿಸಿ, ಇದನ್ನು ತಿನ್ನಬೇಕಾ ಅಥವಾ ಇದರಿಂದ ತಿನ್ನಬೇಕಾ ಎಂದು ಕೇಳಿದ.

ಅಪ್ಪನ ಕೆಲಸವೇ ಹಲ್ಲು ಮಾಡುವುದು. ಹಲ್ಲಿನ ಡಾಕ್ಟರು ಬಾಯಿಯ ಅಳತೆ ಕಳಿಸುತ್ತಾರೆ. ಅಪ್ಪ ಮನೆಯ ಮುಂದಿನ ಕೋಣೆಯಲ್ಲಿ ಕೂತು ಸೆಟ್ಟು ಮಾಡಿ, ಉಜ್ಜಿ, ಹೊಳಪು ಕೊಟ್ಟು, ಡಬ್ಬಿಯಲ್ಲಿಟ್ಟು ಕಳಿಸುತ್ತಾನೆ. ಹಲ್ಲಿನ ಡಬ್ಬಿಯೂ ತಿಂಡಿಯ ಡಬ್ಬಿಯೂ ಒಂದೇ ಅಂಗಡಿಯವು, ಒಂದೇ ನೀಲಿ ಬಣ್ಣದವು. ಅಮ್ಮ ಇದ್ದಾಗ ಎರಡೂ ಒಂದೇ ಮೇಜಿನ ಮೇಲೆ ಬರುತ್ತಲೇ ಇರಲಿಲ್ಲ.

"ಹಾಗಾದ್ರೆ ನಮ್ಮ ಬ್ರೆಡ್ಡು ಎಲ್ಲಿ?" ಎಂದು ಕಡ್ಡಿ ಕೇಳಿದಳು.

ಅಪ್ಪ ತಲೆ ಕೆರೆದುಕೊಂಡ. "ಮೇಜಿನ ಮೇಲೆ. ನಾಳೆ ಡಾಕ್ಟರ ಹತ್ರ ಹೋಗೋಕೆ ರೆಡಿಯಾಗಿ ಕೂತಿದೆ."

ಕಡ್ಡಿ ಹತ್ತು ವರ್ಷದವಳು, ಮೂವರಲ್ಲಿ ದೊಡ್ಡವಳು. ಎಷ್ಟು ತಿಂದರೂ ಕಡ್ಡಿಯ ಹಾಗೇ ಇರುತ್ತಾಳೆಂದು ಆ ಹೆಸರು. ಆರು ವರ್ಷದ ತಮ್ಮ ನಡೆಯುವುದಿಲ್ಲ, ಹಾರುತ್ತಾನೆ. ಅದಕ್ಕೆ ಅವನು ಮಿಡತೆ. ಪಾಪುಗೆ ಮೂರು ವರ್ಷ. ಅವಳು ಇನ್ನೂ ಬರೀ ಪಾಪು.

ಕಡ್ಡಿ ಬ್ಯಾಗಿನಿಂದ ಒಂದು ಚಿಕ್ಕ ನೋಟ್‌ಬುಕ್ ತೆಗೆದಳು. ಯಾರಿಗೂ ಕಾಣದ ಹಾಗೆ ಬೆನ್ನು ತಿರುಗಿಸಿ ಕೂತು ಬರೆದಳು: 'ಒಂಬತ್ತು. ಬ್ರೆಡ್ಡಿನ ಬದಲು ಹಲ್ಲು ತಂದಿದ್ದು.'

ಸ್ವಲ್ಪ ಹೊತ್ತು ಪೆನ್ಸಿಲ್ ಕಚ್ಚಿದಳು. ಆಮೇಲೆ ಅದರ ಕೆಳಗೆ ಇನ್ನೊಂದು ಸಾಲು ಬರೆದು, ನೋಟ್‌ಬುಕ್ಕನ್ನು ಬ್ಯಾಗಿನ ತಳಕ್ಕೆ ತುರುಕಿದಳು.

ಅಮ್ಮ ರೈಲು ಓಡಿಸುತ್ತಾಳೆ. ಇಷ್ಟು ದಿನ ಓಡಿಸಿದ್ದು ಊರಿನ ಸುತ್ತಮುತ್ತ ಓಡಾಡುವ ಚಿಕ್ಕ ರೈಲು. ಈಗ ದೂರದೂರಿಗೆ ಹೋಗುವ ದೊಡ್ಡ ರೈಲು ಓಡಿಸುವುದನ್ನು ಕಲಿಯಲು ಟ್ರೈನಿಂಗಿಗೆ ಹೋಗಿದ್ದಳು. ಆರು ವಾರ, ಕೊನೆಗೊಂದು ಪರೀಕ್ಷೆ. ನಾಲ್ಕು ವಾರ ಮುಗಿದಿತ್ತು.

ಹೊರಡುವ ಮುಂಚೆ ಅಮ್ಮ ಅಪ್ಪನಿಗೆ ಒಂದೇ ಮಾತು ಹೇಳಿದ್ದಳು. ಭಾನುವಾರ ಇವರನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡ, ಎಲ್ಲಿಗಾದರೂ ಕರೆದುಕೊಂಡು ಹೋಗು, ಮನೆಯಲ್ಲಿದ್ದರೆ ಬಾಗಿಲು ನೋಡುತ್ತಾ ಕೂತುಬಿಡುತ್ತಾರೆ ಎಂದು.

ಅಪ್ಪ ಆ ಮಾತನ್ನು ಚಾಚೂ ತಪ್ಪದೆ ಪಾಲಿಸಿದ. ಮೊದಲನೇ ಭಾನುವಾರ ಮೃಗಾಲಯಕ್ಕೆ ಹೋದರು. ಅದು ರಿಪೇರಿಗೆಂದು ಮುಚ್ಚಿತ್ತು. ಗೇಟಿನ ಮೇಲೆ ಬರೆದಿದ್ದ ಜಿರಾಫೆಯನ್ನು ನೋಡಿ ವಾಪಸು ಬಂದರು. ಎರಡನೇ ಭಾನುವಾರ ಮ್ಯೂಸಿಯಂನಲ್ಲಿ ಮಿಡತೆಯ ತಲೆ ಕಂಬಿಗಳ ನಡುವೆ ಸಿಕ್ಕಿಕೊಂಡಿತು. ಅಪ್ಪ ಕಿವಿಗಳಿಗೆ ಸೋಪು ಸವರಿ ಬಿಡಿಸಬೇಕಾಯಿತು. ಮೂರನೇ ಭಾನುವಾರ ಹತ್ತಿದ ಬಸ್ಸು ಊರೆಲ್ಲಾ ಸುತ್ತಿ, ಒಂದೂವರೆ ಗಂಟೆಯ ಮೇಲೆ ಅವರ ಮನೆಯ ಮುಂದೆಯೇ ತಂದು ನಿಲ್ಲಿಸಿತು.

ಪ್ರತಿ ಸಲವೂ ಕಡ್ಡಿ ಹೇಳುತ್ತಿದ್ದಳು, ಅಮ್ಮ ಆಗಿದ್ದರೆ ಹೀಗೆ ಆಗುತ್ತಿರಲಿಲ್ಲ ಎಂದು. ಹೌದು, ಆಗುತ್ತಿರಲಿಲ್ಲ ಎಂದು ಅಪ್ಪ ಒಪ್ಪಿಕೊಳ್ಳುತ್ತಿದ್ದ.

ಆದರೆ ನೋಟ್‌ಬುಕ್ಕಿನ ಲಿಸ್ಟು ಶುರುವಾಗಿದ್ದು ಹೋದ ಬುಧವಾರ. ಆ ದಿನ ಅಮ್ಮ ಫೋನಿನಲ್ಲಿ ಅಪ್ಪನಿಗೆ ಹೇಳಿದ್ದು ಕಡ್ಡಿಗೆ ಕೇಳಿಸಿತ್ತು. ಮಕ್ಕಳಿಗೆ ಕಷ್ಟವಾಗುತ್ತಿದ್ದರೆ ಟ್ರೈನಿಂಗ್ ಬಿಟ್ಟು ಬಂದುಬಿಡುತ್ತೇನೆ, ಮತ್ತೆ ಸೀಟು ಸಿಗುವುದಕ್ಕೆ ಒಂದು ವರ್ಷ ಕಾಯಬೇಕಾಗುತ್ತೆ, ಕಾದರಾಯಿತು ಎಂದಿದ್ದಳು. ಏನೂ ಕಷ್ಟವಿಲ್ಲ, ಎಲ್ಲ ಸಲೀಸಾಗಿ ನಡೀತಿದೆ ಎಂದು ಅಪ್ಪ ಹೇಳಿದ್ದ.

ಸಲೀಸಾಗಿ ಏನೂ ನಡೆಯುತ್ತಿರಲಿಲ್ಲ. ಅದನ್ನು ಅಮ್ಮನಿಗೆ ತಿಳಿಸುವವರು ಬೇಕಲ್ಲ? ಭಾನುವಾರ ಸಂಜೆ ಆರಕ್ಕೆ ಅಮ್ಮ ಫೋನ್ ಮಾಡಿದಾಗ ಲಿಸ್ಟನ್ನು ಒಂದರಿಂದ ಹತ್ತರವರೆಗೆ ಓದುವುದು ಎಂದು ಕಡ್ಡಿ ಮನಸ್ಸಿನಲ್ಲೇ ಗೊತ್ತು ಮಾಡಿಕೊಂಡಿದ್ದಳು.

ಕೆರೆಯ ದಂಡೆಯ ಅಂಗಡಿಯಲ್ಲಿ ಬನ್ನು ಸಿಕ್ಕಿತು. ಎಲ್ಲರೂ ಬನ್ನು ತಿಂದರು. ಅಪ್ಪ ಹಲ್ಲಿನ ಡಬ್ಬಿಯನ್ನು ಕರವಸ್ತ್ರದಲ್ಲಿ ಸುತ್ತಿ ಜೋಪಾನವಾಗಿ ಜೇಬಿಗೆ ಇಳಿಸಿದ. ಅಷ್ಟರಲ್ಲಿ ಪಾಪುವಿನ ಕಣ್ಣಿಗೆ ಹಂಸ ಬಿತ್ತು.

ಅದು ಕಾಲಲ್ಲಿ ತುಳಿಯುವ ದೋಣಿ. ಹಂಸದ ಆಕಾರ, ಉದ್ದ ಕುತ್ತಿಗೆ, ಒಂದು ಕಣ್ಣಿನ ಬಣ್ಣ ಉದುರಿಹೋಗಿತ್ತು. ಪಾಪು ಕೈಚಾಚಿ, ಬೇಕು ಬೇಕು ಎಂದು ಕುಣಿಯತೊಡಗಿದಳು.

ಅಪ್ಪನಿಗೆ ಇದು ಬರುತ್ತದಾ ಎಂದು ಕಡ್ಡಿ ಕೇಳಿದಳು.

"ಸೈಕಲ್ ತುಳಿಯೋಕೆ ಬರುತ್ತಲ್ಲ," ಅಂದ ಅಪ್ಪ. "ಅದನ್ನೇ ನೀರಲ್ಲಿ ತುಳಿಯೋದು."

ದೋಣಿ ಕೊಡುವ ಹೆಂಗಸಿನ ಕೊರಳಲ್ಲಿ ಒಂದು ಸೀಟಿ ನೇತಾಡುತ್ತಿತ್ತು. ಅವಳು ನಾಲ್ವರಿಗೂ ಕಿತ್ತಳೆ ಬಣ್ಣದ ಜಾಕೆಟ್ ತೊಡಿಸಿ ಬಕಲ್ ಹಾಕಿದಳು. ಪಾಪು ಜಾಕೆಟ್ಟಿನೊಳಗೆ ಮುಳುಗಿಹೋಗಿ ಬರೀ ಜುಟ್ಟು ಕಾಣುತ್ತಿತ್ತು. ಮುಂದಿನ ಸೀಟುಗಳಲ್ಲಿ ಅಪ್ಪ ಮತ್ತು ಕಡ್ಡಿ. ಹಿಂದೆ ಮಿಡತೆ, ಪಾಪು ಮತ್ತು ಬ್ಯಾಗು. ಎಡಬದಿಯ ಜೊಂಡಿನ ಹತ್ತಿರ ಮಾತ್ರ ಹೋಗಬೇಡಿ ಎಂದು ಹೆಂಗಸು ಎರಡು ಸಲ ಹೇಳಿದಳು.

ಹಂಸ ನೆಟ್ಟಗೆ ಎಡಬದಿಯ ಜೊಂಡಿನ ಕಡೆಗೇ ಹೊರಟಿತು.

ಅಪ್ಪ ಚುಕ್ಕಾಣಿಯ ಹಿಡಿಯನ್ನು ಒಂದು ಕಡೆ ಎಳೆದರೆ ದೋಣಿ ಇನ್ನೊಂದು ಕಡೆ ತಿರುಗುತ್ತಿತ್ತು. ಅದನ್ನು ಸರಿಮಾಡಲು ಹೋಗಿ ಮೂರು ಸುತ್ತು ಹಾಕಿದರು. ಮಿಡತೆಗೆ ಅದು ಎಲ್ಲಕ್ಕಿಂತ ಇಷ್ಟವಾಯಿತು. ಕಡ್ಡಿಯ ಕಾಲು ಪೆಡಲಿಗೆ ಸರಿಯಾಗಿ ಎಟುಕುತ್ತಿರಲಿಲ್ಲ. ಅಪ್ಪ ತುಳಿದಾಗ ಅವಳ ಪೆಡಲೂ ತಾನಾಗಿ ತಿರುಗಿ ಕಾಲಿಗೆ ಸಿಗದೆ ಓಡುತ್ತಿತ್ತು. ನಾಲ್ಕನೇ ಸುತ್ತಿಗೆ ಹಂಸದ ಕುತ್ತಿಗೆ ಸರ್ರನೆ ಜೊಂಡಿನೊಳಗೆ ನುಗ್ಗಿ ನಿಂತಿತು.

ಅಪ್ಪ ತುಳಿದ. ದೋಣಿ ಇನ್ನಷ್ಟು ಒಳಗೆ ಹೋಯಿತು. ಮತ್ತೆ ತುಳಿದ. ಕೆಳಗಿನ ಚಕ್ರಕ್ಕೆ ಏನೋ ಸುತ್ತಿಕೊಂಡು ಪೆಡಲು ಬಿಗಿಯಾಯಿತು.

ದಂಡೆಯ ಮೇಲಿನ ಹೆಂಗಸು ಸೀಟಿ ಊದುತ್ತಾ, ಎರಡೂ ಕೈಯಲ್ಲಿ ಹಿಂದಕ್ಕೆ ಹಿಂದಕ್ಕೆ ಎಂದು ತೋರಿಸುತ್ತಿದ್ದಳು. ಅಪ್ಪ ಹಿಂದಕ್ಕೆ ತುಳಿದು ನೋಡಿದ. ಒಬ್ಬನ ಕಾಲಿನ ಬಲ ಸಾಲಲಿಲ್ಲ. ಬೆವರು ಒರೆಸಿಕೊಂಡು ಸ್ವಲ್ಪ ಸುಧಾರಿಸಿಕೊಳ್ಳೋಣ ಎಂದ.

ಸುಮ್ಮನೆ ಕೂರುವುದು ಮಿಡತೆಯ ಜಾಯಮಾನವಲ್ಲ. ಅವನು ಬ್ಯಾಗಿನೊಳಗೆ ಕೈಹಾಕಿ ತಡಕಾಡಿದ. ಅವನು ಓದಲು ಕಲಿತು ಎರಡು ತಿಂಗಳೂ ಆಗಿರಲಿಲ್ಲ. ಕಂಡದ್ದನ್ನೆಲ್ಲ ಗಟ್ಟಿಯಾಗಿ ಓದುತ್ತಿದ್ದ. ಅಂಗಡಿಯ ಬೋರ್ಡು, ಸೋಪಿನ ಕವರು, ಔಷಧಿಯ ಚೀಟಿ, ಯಾವುದನ್ನೂ ಬಿಡುತ್ತಿರಲಿಲ್ಲ.

"ಅ... ಪ್ಪ... ನ... ಅಪ್ಪನ," ಎಂದು ಹಿಂದಿನಿಂದ ದನಿ ಬಂತು. "ತ... ಪ್ಪು... ತಪ್ಪುಗಳು."

ಕಡ್ಡಿ, ಕೊಡೋ ಇಲ್ಲಿ ಎಂದು ತಿರುಗಿ ಕೈಚಾಚಿದಳು. ಜಾಕೆಟ್ಟು ಸೀಟಿಗೆ ಸಿಕ್ಕಿಕೊಂಡಿತು. ಎದ್ದರೆ ದೋಣಿ ಅಲ್ಲಾಡುತ್ತದೆ, ಏಳಬೇಡ ಎಂದ ಅಪ್ಪ.

ಮಿಡತೆ ಓದಿದ. ಒಂದೊಂದು ಅಕ್ಷರವನ್ನೂ ಹೆಮ್ಮೆಯಿಂದ ಓದಿದ. ಪಾಪುವಿನ ಎಡಗಾಲಿಗೆ ಬಲಗಾಲಿನ ಶೂ. ಮುಚ್ಚಿದ ಮೃಗಾಲಯ. ಸೋಪು ಹಚ್ಚಿದ ಕಿವಿ. ಅಲ್ಲಿ ತನ್ನ ಹೆಸರು ಬಂದದ್ದಕ್ಕೆ ಅದನ್ನು ಎರಡು ಸಲ ಓದಿದ. ಸುತ್ತು ಹಾಕಿದ ಬಸ್ಸು. ಕಡ್ಡಿಯ ಯೂನಿಫಾರಂ ಒಗೆದು ಗುಲಾಬಿ ಬಣ್ಣ ಮಾಡಿದ್ದು. ಕಡ್ಡಿ ಹಂಸದ ಕುತ್ತಿಗೆ ನೋಡುತ್ತಾ ಕೂತಿದ್ದಳು. ಕಿವಿ ಬಿಸಿಯಾಗಿತ್ತು.

ಅಪ್ಪ ಗಂಭೀರವಾಗಿ ಕೇಳಿಸಿಕೊಳ್ಳುತ್ತಿದ್ದ. "ಎರಡನೇದನ್ನ ನಾನು ಒಪ್ಪಲ್ಲ," ಅಂದ. "ಮೃಗಾಲಯ ಮುಚ್ಚಿದ್ದು ನಾನಲ್ಲ. ಮಿಕ್ಕಿದ್ದೆಲ್ಲ ಸರಿಯಾಗಿದೆ. ಮುಂದೆ ಓದಪ್ಪ."

ಮಿಡತೆ ಹಲ್ಲಿನದನ್ನು ಓದಿ, ಕೊನೆಯ ಸಾಲಿಗೆ ಬಂದ.

"ಹ... ತ್ತು. ಅಪ್ಪ... ನಿಗೆ... ಏನೂ... ಬರ... ಲ್ಲ. ಅಮ್ಮ... ಬರ... ಬೇಕು."

ಜೊಂಡಿನ ನಡುವೆ ಯಾವುದೋ ಕಪ್ಪೆ ಒಂದು ಸಲ ಕೂಗಿ ಸುಮ್ಮನಾಯಿತು.

ಅಪ್ಪ ಈಗ ಬೈಯುತ್ತಾನೆ ಎಂದುಕೊಂಡಳು ಕಡ್ಡಿ. ಬೈದರೆ ಒಳ್ಳೆಯದಿತ್ತು. ಅಪ್ಪ ತನ್ನ ಅಂಗೈ ನೋಡಿಕೊಂಡ. ಹಿಡಿ ಎಳೆದು ಎಳೆದು ಅದು ಕೆಂಪಗಾಗಿತ್ತು.

"ಹತ್ತನೇದು ತಪ್ಪಲ್ಲ ಪುಟ್ಟಿ," ಅಂದ ಮೆಲ್ಲಗೆ. "ನಂಗೂ ದಿನಾ ಹಾಗೇ ಅನ್ಸುತ್ತೆ."

ಕಡ್ಡಿ ತಿರುಗಿ ಅವನ ಮುಖ ನೋಡಿದಳು. ಅಪ್ಪನಿಗೂ ಅಮ್ಮ ಬೇಕು ಅನ್ನಿಸಬಹುದು ಎಂದು ಅವಳು ಯಾವತ್ತೂ ಯೋಚಿಸಿರಲಿಲ್ಲ. ಅಮ್ಮ ಅಂದರೆ ತಮ್ಮ ಮೂವರಿಗೆ ಸೇರಿದವಳು ಎಂದೇ ಅವಳ ಲೆಕ್ಕ.

ಆಗ ಹಿಂದಿನ ಸೀಟಿನಿಂದ ಪಾಪು ಹೇಳಿದಳು, "ಸುಸ್ಸು."

ಎಲ್ಲರೂ ಅವಳ ಕಡೆ ತಿರುಗಿದರು. ಈಗಲೇನಾ ಎಂದು ಅಪ್ಪ ಕೇಳಿದ. ಪಾಪು ಬಹಳ ಯೋಚಿಸಿ, ಈಗಲೇ ಎಂದಳು.

ಅಪ್ಪ ಅವಳನ್ನು ಎತ್ತಿ ಮಡಿಲಲ್ಲಿ ಕೂರಿಸಿಕೊಂಡ. ಸ್ವಲ್ಪ ತಡ್ಕೋ ಕಂದ, ಸ್ವಲ್ಪವೇ ಸ್ವಲ್ಪ, ಎಂದು ಬೇಡಿಕೊಂಡ. ಕಡ್ಡಿ ಮಿಡತೆಯಿಂದ ಬ್ಯಾಗು ಕಿತ್ತುಕೊಂಡು ತನ್ನ ಬೆನ್ನ ಹಿಂದೆ ಇಟ್ಟಳು. ಅದರ ಮೇಲೆ ಒರಗಿ, ಸೀಟಿನಿಂದ ಅರ್ಧ ಕೆಳಗೆ ಜಾರಿ, ಕಾಲು ಚಾಚಿದಳು. ಎರಡೂ ಪಾದ ಪೆಡಲಿಗೆ ಸಿಕ್ಕವು.

"ಅಪ್ಪ, ಇಬ್ರೂ ಒಟ್ಟಿಗೆ ತುಳಿಯೋಣ. ಹಿಂದಕ್ಕೆ."

"ನೀನು ಹೇಳು, ನಾನು ತುಳೀತೀನಿ," ಅಂದ ಅಪ್ಪ.

ಕಡ್ಡಿ ಹೇಳಿದಳು. ಹೂಂ ಅಂದಾಗ ಇಬ್ಬರೂ ಒತ್ತಿದರು. ಪೆಡಲು ಅಲುಗಾಡಿತು. ಮತ್ತೆ ಹೂಂ. ಕೆಳಗೆ ಏನೋ ಪಟಪಟ ಹರಿಯಿತು. ಮಿಡತೆ ಹಿಂದಿನಿಂದ ತಾನೂ ಹೂಂ ಹೂಂ ಎನ್ನತೊಡಗಿದ, ಅವನಿಂದಲೇ ದೋಣಿ ಹೊರಟಂತೆ. ಹಂಸ ತಲೆಯ ಮೇಲೊಂದು ಜೊಂಡಿನ ಗರಿ ಸಿಕ್ಕಿಸಿಕೊಂಡು ಹಿಂದೆ ಹಿಂದೆಯೇ ಹೊರಗೆ ಬಂತು. ದಂಡೆಯ ಮೇಲಿನ ಹೆಂಗಸು ಸೀಟಿ ಬಿಟ್ಟು ಚಪ್ಪಾಳೆ ತಟ್ಟಿದಳು.

ಆಮೇಲೆ ಹಿಡಿಯನ್ನು ಯಾವ ಕಡೆ ಎಳೆಯಬೇಕೆಂದು ಕಡ್ಡಿ ಹೇಳುತ್ತಾ ಹೋದಳು. ದೋಣಿ ಸುತ್ತು ಹಾಕದೆ, ಕುಡಿದವರ ಹಾಗೆ ಓಲಾಡುತ್ತಾ ದಂಡೆಯ ಕಡೆ ಸಾಗಿತು. ಇನ್ನು ಹತ್ತು ಮಾರು ದೂರವಿತ್ತು. ಅಪ್ಪ ಇದ್ದಕ್ಕಿದ್ದಂತೆ ತುಳಿಯುವುದನ್ನು ನಿಲ್ಲಿಸಿ ಕಣ್ಣು ಮುಚ್ಚಿದ.

"ಏನಾಯ್ತು?" ಕಡ್ಡಿ ಕೇಳಿದಳು.

"ಬಿಸಿ," ಅಂದ ಅಪ್ಪ.

ಪಾಪು ಸಮಾಧಾನದಿಂದ ನಿಟ್ಟುಸಿರು ಬಿಟ್ಟಳು. ಅಪ್ಪನ ಪ್ಯಾಂಟು ಮೊಣಕಾಲಿನವರೆಗೆ ತೊಯ್ದಿತ್ತು. ಹನ್ನೊಂದನೆಯದು ಬರೆದುಕೊಳ್ಳುವುದಿಲ್ಲವಾ ಎಂದು ಅವನು ಕೇಳಿದ.

"ಇದು ಪಾಪು ತಪ್ಪು, ನಿಂದಲ್ಲ," ಅಂದಳು ಕಡ್ಡಿ. ಅಷ್ಟು ಹೇಳುವುದರೊಳಗೆ ಅವಳಿಗೆ ನಗು ಬಂತು. ಒಮ್ಮೆ ಶುರುವಾದದ್ದು ನಿಲ್ಲಲೇ ಇಲ್ಲ. ಅಪ್ಪನೂ ನಕ್ಕ. ಹಂಸ ಗಡಗಡ ಅಲುಗಾಡಿತು.

ಬಸ್‌ಸ್ಟಾಪಿನ ಪಕ್ಕದಲ್ಲಿ ಒಂದು ನಲ್ಲಿ ಇತ್ತು. ಅಪ್ಪ ಫೋನನ್ನು ಕಡ್ಡಿಯ ಕೈಗೆ ಕೊಟ್ಟು, ಪಾಪುವಿನ ಚಡ್ಡಿ ಒಗೆಯಲು ಹೋದ. ಸರಿಯಾಗಿ ಆರು ಗಂಟೆಗೆ ಫೋನು ಹೊಡೆದುಕೊಂಡಿತು.

ಅಮ್ಮನ ದನಿ ಸುಸ್ತಾದಂತಿತ್ತು. ಹೇಗಿತ್ತು ಇವತ್ತು, ಊಟ ಮಾಡಿದಿರಾ, ಅಪ್ಪ ಎಲ್ಲಿ ಎಂದು ಕೇಳಿದಳು. ಕೆರೆಗೆ ಹೋಗಿದ್ದೆವು, ಬನ್ನು ತಿಂದೆವು, ದೋಣಿಯನ್ನು ರಿವರ್ಸ್ ತೆಗೆದುಕೊಂಡೆವು ಎಂದು ಕಡ್ಡಿ ಹೇಳಿದಳು.

ಅಮ್ಮ ನಕ್ಕಳು. "ವಾಸಿ ಕಣೆ ನೀವು. ನಿನ್ನೆ ನಾನು ಸ್ಟೇಷನ್ ಬಂದ್ರೂ ನಿಲ್ಲಿಸದೆ ಮುಂದಕ್ಕೆ ಹೋಗ್ಬಿಟ್ಟೆ. ಪುಣ್ಯಕ್ಕೆ ಅದು ನಿಜವಾದ ರೈಲಲ್ಲ, ಕಂಪ್ಯೂಟರಿಂದು."

ಅಮ್ಮನೂ ತಪ್ಪು ಮಾಡುತ್ತಾಳೆ ಎಂಬುದು ಕಡ್ಡಿಗೆ ಹೊಸ ವಿಷಯ. ಸ್ವಲ್ಪ ಹೊತ್ತು ಅವಳು ಸುಮ್ಮನಿದ್ದಳು. ಅಮ್ಮನಿಗೆ ಆ ಮೌನ ಬೇರೆ ಥರ ಕೇಳಿಸಿತೇನೋ.

"ನಿಜ ಹೇಳು ಪುಟ್ಟಿ. ಕಷ್ಟ ಆಗ್ತಿದೆಯಾ? ಬಂದ್ಬಿಡ್ಲಾ?"

ಬಾ ಎಂಬ ಒಂದಕ್ಷರ ಕಡ್ಡಿಯ ನಾಲಿಗೆಯ ತುದಿಯಲ್ಲೇ ಇತ್ತು. ನಲ್ಲಿಯ ಹತ್ತಿರ ಅಪ್ಪ ಚಡ್ಡಿ ಹಿಂಡುತ್ತಿದ್ದ. ಪಾಪು ಅಪ್ಪನ ಅಂಗಿಯನ್ನು ಲುಂಗಿಯ ಹಾಗೆ ಸುತ್ತಿಕೊಂಡು ನಿಂತಿದ್ದಳು. ಬನಿಯನ್ನಿನಲ್ಲಿದ್ದ ಅಪ್ಪ ಚಳಿಗೆ ಒಮ್ಮೆ ಮೈ ನಡುಗಿಸಿ, ಯಾರಾದರೂ ನೋಡಿದರೋ ಎಂಬಂತೆ ಈ ಕಡೆ ತಿರುಗಿ, ಕೈಬೀಸಿದ.

"ಬೇಡಮ್ಮ," ಅಂದಳು ಕಡ್ಡಿ. "ಪರೀಕ್ಷೆ ಮುಗಿಸ್ಕೊಂಡೇ ಬಾ. ಆದ್ರೆ ಮುಗಿದ್ಮೇಲೆ ಒಂದು ದಿನಾನೂ ಅಲ್ಲಿರಬೇಡ. ಅಪ್ಪಂಗೆ ನೀನು ಬೇಕಂತೆ."

ಅಪ್ಪನಿಗೆ ಫೋನ್ ಕೊಡು ಎಂದಳು ಅಮ್ಮ.

ಬಸ್ಸು ಬಂತು. ಹಿಂದಿನ ಉದ್ದ ಸೀಟು ಖಾಲಿ ಇತ್ತು. ಮೊದಲ ತಿರುವಿನಲ್ಲೇ ಪಾಪು ಅಪ್ಪನ ಹೊಟ್ಟೆಯ ಮೇಲೆ ನಿದ್ದೆ ಹೋದಳು. ಎರಡನೇ ತಿರುವಿನಲ್ಲಿ ಮಿಡತೆ ಅಪ್ಪನ ತೊಡೆಯ ಮೇಲೆ ಉರುಳಿದ. ಅಪ್ಪನ ತಲೆ ಮೆಲ್ಲಗೆ ವಾಲಿ ವಾಲಿ ಕಡ್ಡಿಯ ಭುಜಕ್ಕೆ ತಾಗಿತು. ಭಾರವಾಗಿತ್ತು. ಕೆರೆಯ ನೀರಿನ ವಾಸನೆ ಬರುತ್ತಿತ್ತು.

ಕಡ್ಡಿ ಅಲುಗಾಡಲಿಲ್ಲ. ಕಿಟಕಿಯ ಆಚೆ ಅಂಗಡಿಗಳ ದೀಪಗಳು ಒಂದೊಂದಾಗಿ ಹತ್ತಿಕೊಳ್ಳುತ್ತಿದ್ದವು. ಪೋಸ್ಟಾಫೀಸು ದಾಟಿತು, ಪೆಟ್ರೋಲ್ ಬಂಕು ದಾಟಿತು. ಅವರ ಸ್ಟಾಪಿಗೆ ಇನ್ನೂ ಮೂರು ಸ್ಟಾಪು ಇತ್ತು. ಅಲ್ಲಿಯವರೆಗೂ ಅಪ್ಪ ಮಲಗಲಿ ಎಂದು ಅವಳು ಭುಜವನ್ನು ಸ್ವಲ್ಪ ಎತ್ತರಿಸಿ, ಕಣ್ಣು ಅಗಲಿಸಿ ಹೊರಗೆ ನೋಡುತ್ತಾ ಕೂತಳು.